ಕುಲವ್ಯಾಧಿಯೂ ಮಾತಿನ ಧರ್ಮವೂ

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅದರ ಪೂರ್ವಾರ್ಧವನ್ನು ವೈದ್ಯರು ಉದಾಹರಿಸುವುದುಂಟು. ಉತ್ತರಾರ್ಧವನ್ನು ನ್ಯಾಯ ಹೇಳುವ ಹಿರಿಯರು ಉದಾಹರಿಸುವುದುಂಟು. ಎರಡು ಅರ್ಧಗಳನ್ನೂ ಒಂದೇ ಸಲ ನೆನೆಯಬೇಕಾದ ಪ್ರಸಂಗಗಳು ವಿರಳ. ಅಂಥ ಪ್ರಸಂಗಗಳಲ್ಲಿ ಒಂದು, ಜನರು ಸಕ್ಕರೆ ಕಾಯಿಲೆಯೆಂದು ಕರೆಯುವ ಮಧುಮೇಹ. ಈ ರೋಗದ ವಿಷಯದಲ್ಲಿ ಮನುಷ್ಯನು ಊಟ ಬಲ್ಲವನಾಗಬೇಕಾದರೆ, ಅದಕ್ಕೆ ಮೊದಲು ತನ್ನ ಹಿರಿಯರಿಂದ ಒಂದು ಮಾತನ್ನು ಕೇಳಿರಬೇಕು. ಆ ಮಾತನ್ನು ಆಡಬೇಕಾದವರು ಬಹುಮಟ್ಟಿಗೆ ಆಡದೆ ಇರುತ್ತಾರೆ. ಆಡದಿರುವುದು ಸರಿಯೇ ತಪ್ಪೇ, ಆಡುವುದಾದರೆ ಯಾರು ಯಾರಿಗೆ ಎಷ್ಟನ್ನು ಆಡಬೇಕು ಎಂಬುದು ವೈದ್ಯಶಾಸ್ತ್ರ ಬಿಡಿಸುವ ಪ್ರಶ್ನೆಯಲ್ಲ; ಅದು ಧರ್ಮದ ಪ್ರಶ್ನೆ.

ಉದಾಹರಣೆಗಾಗಿ ಒಂದು ಸಂಸಾರವನ್ನು ಭಾವಿಸಿಕೊಳ್ಳಬಹುದು. ಅಂಥ ಸಂಸಾರವು ಯಾವ ಊರಿನಲ್ಲಿಯಾದರೂ ಇರಬಹುದು. ಮನೆಯ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಕೆಲಸಮಾಡಿ ನಿವೃತ್ತರಾದವರು. ಐವತ್ತೆರಡನೆಯ ವಯಸ್ಸಿನಲ್ಲಿ ಅವರಿಗೆ ಮಧುಮೇಹವಿರುವುದು ಗೊತ್ತಾಯಿತು. ಹೆಂಡತಿಗೆ ಹೇಳಿದರು, ಮಕ್ಕಳಿಗೆ ಹೇಳಲಿಲ್ಲ. ಗುಳಿಗೆಯ ಡಬ್ಬಿಯು ದೇವರ ಕೋಣೆಯ ಬೀರುವಿನಲ್ಲಿ ಹಳೆಯ ಪಂಚಾಂಗಗಳ ಹಿಂದೆ ಸೇರಿತು. ಸಕ್ಕರೆಯಿಲ್ಲದ ಕಾಫಿಗೆ ಪಿತ್ತವೆಂಬ ಕಾರಣ ಹುಟ್ಟಿತು. ಹಬ್ಬದ ದಿನ ಹೋಳಿಗೆಯನ್ನು ಮುಟ್ಟದಿರುವುದಕ್ಕೆ ವ್ರತವೆಂಬ ಕಾರಣ ಹುಟ್ಟಿತು. ಹೀಗೆ ಹದಿನೆಂಟು ವರ್ಷಗಳು ಕಳೆದುವು. ನಲವತ್ತನಾಲ್ಕು ವಯಸ್ಸಿನ ಹಿರಿಯ ಮಗನು ಒಂದು ದಿನ ಅಕ್ಷರಗಳು ಮಸುಕಾಗುತ್ತಿವೆಯೆಂದು ಕನ್ನಡಕಕ್ಕಾಗಿ ಕಣ್ಣಿನ ವೈದ್ಯರಲ್ಲಿಗೆ ಹೋದನು. ಅವರು ಕಣ್ಣಿನ ಒಳಪರದೆಯನ್ನು ಪರೀಕ್ಷಿಸಿ, ಅಲ್ಲಿಯ ಸೂಕ್ಷ್ಮ ರಕ್ತನಾಳಗಳು ಸೋರಿರುವುದನ್ನು ಕಂಡು, "ನಿಮ್ಮ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಉಂಟೋ?" ಎಂದು ಕೇಳಿದರು. "ಇಲ್ಲ" ಎಂದನು ಮಗ. ಅವನು ಸುಳ್ಳಾಡಲಿಲ್ಲ, ತಾನು ನಂಬಿದ್ದುದನ್ನೇ ಹೇಳಿದನು. ಆ ಉತ್ತರದೊಳಗೆ ಇದ್ದ ಸುಳ್ಳು ಬೇರೆಯವರದು. ಅದನ್ನು ಯಾರೂ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ.

ಈ ತಂದೆಯನ್ನು ಯಾರೂ ದುಷ್ಟರೆನ್ನಲಾರರು. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ತಮ್ಮ ಎಷ್ಟೋ ಸುಖಗಳನ್ನು ಬಿಟ್ಟವರು ಅವರು. ಮೊದಲು, ಮಗಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಟ್ಟರು. ಮದುವೆ ಮುಗಿದ ಮೇಲೆ, ಇಷ್ಟು ಕಾಲ ಹೇಳದಿದ್ದುದನ್ನು ಈಗ ಹೇಳುವುದು ಹೇಗೆಂಬ ಸಂಕೋಚದಿಂದ ಮುಚ್ಚಿಟ್ಟರು. ಕೊನೆಗೆ ಮುಚ್ಚಿಡುವುದೇ ಅಭ್ಯಾಸವಾಯಿತು. ಅವರ ಮೌನದ ಬುಡದಲ್ಲಿದ್ದುದು ಪ್ರೀತಿಯೇ ಹೊರತು ಮೋಸವಲ್ಲ. ಪ್ರೀತಿಯಿಂದ ಹುಟ್ಟಿದ ಮೌನವೂ ಹಾನಿಯನ್ನು ಮಾಡಬಲ್ಲುದಾದ್ದರಿಂದಲೇ ಈ ಪ್ರಶ್ನೆಯು ವಿಚಾರಕ್ಕೆ ಯೋಗ್ಯವಾಗುತ್ತದೆ. ದುಷ್ಟನ ತಪ್ಪನ್ನು ಗುರುತಿಸುವುದು ಸುಲಭ. ಒಳ್ಳೆಯವನ ತಪ್ಪನ್ನು ಗುರುತಿಸಿ ಅವನ ಒಳ್ಳೆಯತನಕ್ಕೆ ಅಪಚಾರವಾಗದಂತೆ ತಿದ್ದುವುದು ಕಷ್ಟ.

ನ್ಯಾಯಾನ್ಯಾಯಗಳನ್ನು ತೂಗುವುದಕ್ಕೆ ಮೊದಲು ವಸ್ತುಸ್ಥಿತಿಯನ್ನು ತಿಳಿಯತಕ್ಕದ್ದು. ಈ ರೋಗವು ವಂಶದಲ್ಲಿ ಇಳಿಯುತ್ತದೆಂಬುದು ಹೊಸ ಸಂಗತಿಯಲ್ಲ. ಪ್ರಮೇಹಗಳು ಸಹಜವೆಂದೂ ಅಪಥ್ಯನಿಮಿತ್ತವೆಂದೂ ಎರಡು ತೆರನೆಂದು ಸುಶ್ರುತಸಂಹಿತೆಯು ಹೇಳುತ್ತದೆ. ಮೊದಲನೆಯದು ತಾಯಿತಂದೆಗಳ ಬೀಜದೋಷದಿಂದ ಬರುವುದು. ಎರಡನೆಯದು ಅಹಿತವಾದ ಆಹಾರದಿಂದ ಬರುವುದು. ಚರಕಸಂಹಿತೆಯು ಇನ್ನೂ ಮುಂದೆ ಹೋಗಿ, ಮಧುಮೇಹಿಗೆ ಹುಟ್ಟಿದವನ ಮೇಹವೂ ಕುಲಕ್ರಮದಿಂದ ಬಂದ ಇತರ ವ್ಯಾಧಿಗಳೂ ಅಸಾಧ್ಯವೆಂದು ತೀರ್ಮಾನಿಸುತ್ತದೆ. ಪ್ರಾಚೀನರು ಹೀಗೆ ಎರಡು ವಸ್ತುಗಳನ್ನು ಬಿಟ್ಟುಹೋದರು: ಒಂದು ಸೂಕ್ಷ್ಮವಾದ ತಿಳಿವಳಿಕೆ, ಇನ್ನೊಂದು ನಿರಾಶೆ. ತಿಳಿವಳಿಕೆಯು ಗ್ರಂಥಗಳಲ್ಲಿ ಉಳಿಯಿತು. ನಿರಾಶೆಯು ಮನೆಗಳಲ್ಲಿ ಉಳಿಯಿತು. "ಬರುವುದಿದ್ದರೆ ಬಂದೇ ಬರುತ್ತದೆ, ಹೇಳಿ ಫಲವೇನು?" ಎಂಬ ಮಾತು ಆ ನಿರಾಶೆಯ ಅವಶೇಷ.

ಈಚಿನ ವಿಜ್ಞಾನವು ತಿಳಿವಳಿಕೆಯನ್ನು ಬೆಳೆಸಿ ನಿರಾಶೆಯನ್ನು ಬಹುಮಟ್ಟಿಗೆ ನಿರಾಕರಿಸಿದೆ. ಸಾಮಾನ್ಯವಾಗಿ ಬಾಲ್ಯಯೌವನಗಳಲ್ಲಿ ತೋರಿ, ಇನ್ಸುಲಿನ್ ಇಲ್ಲದೆ ಬದುಕಗೊಡದ ಮೊದಲನೆಯ ಬಗೆಯ ಮಧುಮೇಹವು ಬೇರೆ. ಅದರ ವಿಚಾರ ಇಲ್ಲಿಯದಲ್ಲ. ಮನೆಮನೆಗಳಲ್ಲಿ ಕಾಣುವುದು ಎರಡನೆಯ ಬಗೆ. ಇದರಲ್ಲಿ ದೇಹವು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳದೆ ಹೋಗುತ್ತದೆ; ಅದನ್ನು ಸ್ರವಿಸುವ ಮೇದೋಜೀರಕಾಂಗದ ಕಣಗಳು ಹೆಚ್ಚು ಹೆಚ್ಚು ದುಡಿದು ಕಾಲಕ್ರಮದಲ್ಲಿ ಸೋಲುತ್ತವೆ. ಈ ಸೋಲಿಗೆ ಒಂದೇ ಒಂದು ವಂಶವಾಹಿ ಕಾರಣವಲ್ಲ. ನೂರಾರು ಕಡೆ ಸಣ್ಣಸಣ್ಣ ವ್ಯತ್ಯಾಸಗಳು ಸೇರಿ ಒಬ್ಬನನ್ನು ರೋಗದ ಕಡೆಗೆ ಸ್ವಲ್ಪ ಸ್ವಲ್ಪವಾಗಿ ವಾಲಿಸುತ್ತವೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ೧೯೪೮ರಿಂದ ನಡೆದುಬಂದ ಪರಿಶೀಲನೆಯ ಎರಡನೆಯ ತಲೆಮಾರಿನ ಲೆಕ್ಕವು ೨೦೦೦ದಲ್ಲಿ ಪ್ರಕಟವಾಯಿತು. ತಾಯಿ ಅಥವಾ ತಂದೆ ಒಬ್ಬರಿಗೆ ರೋಗವಿದ್ದರೆ ಮಕ್ಕಳಿಗೆ ಅಪಾಯವು ಸುಮಾರು ಮೂರೂವರೆ ಪಟ್ಟೆಂದೂ, ಇಬ್ಬರಿಗೂ ಇದ್ದರೆ ಸುಮಾರು ಆರು ಪಟ್ಟೆಂದೂ ಅದರಿಂದ ತಿಳಿಯಿತು. ತಾಯಿಯ ಕಡೆಯದೂ ತಂದೆಯ ಕಡೆಯದೂ ಅಲ್ಲಿ ಹೆಚ್ಚುಕಡಮೆ ಸಮವಾಗಿತ್ತು. ವಂಶವೃಕ್ಷವನ್ನು ಬರೆಯುವಾಗ ತಾಯಿಯ ಕಡೆಯವರನ್ನು ಬಿಟ್ಟುಬಿಡುವುದು ವಾಡಿಕೆ. ರೋಗವು ಗೋತ್ರವನ್ನು ಕೇಳುವುದಿಲ್ಲ.

ಮಕ್ಕಳಿಗೆ ಇಳಿಯುವುದು ಬೀಜವೊಂದೇ ಅಲ್ಲ. ಅಡಿಗೆಯ ಮನೆಯೂ ಇಳಿಯುತ್ತದೆ. ಕುಳಿತೇ ಮಾಡುವ ಉದ್ಯೋಗವೂ, ಊಟವಾದೊಡನೆ ಮಲಗುವ ಅಭ್ಯಾಸವೂ ಇಳಿಯುತ್ತವೆ. ತಾಯಿಯ ಗರ್ಭದ ಸ್ಥಿತಿಯೂ ತನ್ನ ಗುರುತನ್ನು ಬಿಡುತ್ತದೆಂಬುದಕ್ಕೆ ಮೈಸೂರಿನಲ್ಲಿಯೇ ಪ್ರಮಾಣವಿದೆ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಆರು ದಶಕಗಳ ತರುವಾಯ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, ಅಂದಿನ ಕೂಸುಗಳನ್ನು ನಡುವಯಸ್ಸಿನ ಗೃಹಸ್ಥರಾಗಿ ಹುಡುಕಿ, ಅವರ ರಕ್ತವನ್ನು ಪರೀಕ್ಷಿಸಿದರು. ಹುಟ್ಟಿದಾಗ ಗಿಡ್ಡವಾಗಿ ದುಂಡಗಿದ್ದವರಲ್ಲಿಯೂ ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿಯೂ ಮಧುಮೇಹವು ಹೆಚ್ಚಾಗಿ ಕಂಡಿತು. ಅದೇ ಆಸ್ಪತ್ರೆಯಲ್ಲಿ ೧೯೯೭-೯೮ರಲ್ಲಿ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿ, ಅವರಿಗೆ ಹುಟ್ಟಿದ ಮಕ್ಕಳನ್ನು ವರ್ಷವರ್ಷಗಳ ಕಾಲ ಗಮನಿಸುತ್ತ ಬಂದರು. ಗರ್ಭಕಾಲದಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಿಗೆ ಒಂಬತ್ತು ಹತ್ತನೆಯ ವಯಸ್ಸಿಗೇ ಮೈಯ ಕೊಬ್ಬೂ ರಕ್ತದ ಇನ್ಸುಲಿನ್ನೂ ಇತರ ಮಕ್ಕಳಿಗಿಂತ ಹೆಚ್ಚಾಗಿದ್ದುವು. ಹೆರಿಗೆಯೊಂದಿಗೆ ಹೊರಟುಹೋಯಿತೆಂದು ಅನೇಕ ತಾಯಂದಿರು ಮರೆಯುವ ಆ ಕೆಲವು ತಿಂಗಳ ಸಕ್ಕರೆಯ ಸಂಗತಿಯೂ ಮಕ್ಕಳು ತಿಳಿಯಬೇಕಾದ ಸಂಗತಿಯೇ.

ಇನ್ನು ನಿರಾಶೆಯ ಮಾತು. ರಕ್ತದಲ್ಲಿ ಸಕ್ಕರೆಯು ಏರಿದ್ದು, ಇನ್ನೂ ರೋಗವೆನಿಸದ ಮಟ್ಟದಲ್ಲಿದ್ದವರನ್ನು ಆರಿಸಿ, ಆಹಾರವ್ಯಾಯಾಮಗಳಿಂದ ಫಲವುಂಟೇ ಎಂದು ಹಲವು ದೇಶಗಳಲ್ಲಿ ಪರೀಕ್ಷಿಸಿದ್ದಾರೆ. ಫಿನ್ಲೆಂಡಿನ ೫೨೨ ಜನರ ಪರೀಕ್ಷೆಯು ೨೦೦೧ರಲ್ಲಿಯೂ ಅಮೆರಿಕದ ೩,೨೩೪ ಜನರ ಪರೀಕ್ಷೆಯು ೨೦೦೨ರಲ್ಲಿಯೂ ಪ್ರಕಟವಾದುವು. ಎರಡರಲ್ಲಿಯೂ ರೋಗದ ಸಂಭವವು ನೂರಕ್ಕೆ ೫೮ರಷ್ಟು ತಗ್ಗಿತು. ಭಾರತೀಯರ ಮೈಗೆ ಇದು ಅನ್ವಯಿಸುತ್ತದೆಯೇ ಎಂಬ ಸಂದೇಹಕ್ಕೆ ಚೆನ್ನೈಯ ವೈದ್ಯರು ೨೦೦೬ರಲ್ಲಿ ಉತ್ತರವನ್ನು ಕೊಟ್ಟರು. ಅವರು ೫೩೧ ಜನರನ್ನು ಗಮನಿಸಿದಾಗ, ಸುಮ್ಮನೆ ಬಿಟ್ಟವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ ೫೫ ಜನರು ರೋಗಿಗಳಾದರು. ನಡಿಗೆಯನ್ನೂ ಊಟದ ಮಿತಿಯನ್ನೂ ಕೈಗೊಂಡವರಲ್ಲಿ ನೂರಕ್ಕೆ ೩೯ ಜನರು ಮಾತ್ರ ಆದರು. ಫಲವು ಫಿನ್ಲೆಂಡಿನಷ್ಟು ದೊಡ್ಡದಲ್ಲ. ಆದರೆ ಅಲಕ್ಷಿಸತಕ್ಕಷ್ಟು ಚಿಕ್ಕದೂ ಅಲ್ಲ. ಅದೇ ನಗರದ ಬೇರೊಂದು ಸಂಶೋಧನ ಸಂಸ್ಥೆಯವರು ೨೦೦೫ರಲ್ಲಿ ನೂರು ಅಂಕಗಳ ಒಂದು ಪಟ್ಟಿಯನ್ನು ರಚಿಸಿದರು. ಅದರಲ್ಲಿ ವಯಸ್ಸಿಗೆ ಹೆಚ್ಚೆಂದರೆ ೩೦ ಅಂಕ, ಹೊಟ್ಟೆಯ ಸುತ್ತಳತೆಗೆ ೨೦, ದೇಹಶ್ರಮವಿಲ್ಲದಿರುವುದಕ್ಕೆ ೩೦. ತಾಯಿತಂದೆ ಇಬ್ಬರಿಗೂ ರೋಗವಿದ್ದರೆ ೨೦. ಹಿರಿಯರು ಕೊಟ್ಟುದು ನೂರರಲ್ಲಿ ಇಪ್ಪತ್ತು. ಮನುಷ್ಯನ ಕೈಯಲ್ಲಿರುವುದು ನೂರರಲ್ಲಿ ಐವತ್ತು. ಆದರೆ ಆ ಇಪ್ಪತ್ತನ್ನು ತಿಳಿಯದವನಿಗೆ ಐವತ್ತನ್ನು ಕುರಿತು ಚಿಂತಿಸುವ ಪ್ರೇರಣೆಯೇ ಹುಟ್ಟುವುದಿಲ್ಲ.

ವಸ್ತುಸ್ಥಿತಿಯು ಹೀಗಿರಲಾಗಿ, ಮೊದಲಿನ ಪ್ರಶ್ನೆಗೆ ತಿರುಗಬಹುದು. ನನ್ನ ಮೈ ನನ್ನದು, ನನ್ನ ರೋಗ ನನ್ನದು, ಅದನ್ನು ಹೇಳುವುದೂ ಬಿಡುವುದೂ ನನ್ನ ಇಷ್ಟ ಎಂದು ರೋಗಿಯು ವಾದಿಸಬಹುದು. ಈ ವಾದದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ನೋವು, ನಾಚಿಕೆ, ಭಯ, ರಾತ್ರಿಯ ನಿದ್ದೆಗೇಡು, ಇವು ರೋಗಿಯ ಸ್ವಂತದವು. ಇವುಗಳನ್ನು ಯಾರ ಮುಂದೆ ತೆರೆಯಬೇಕೆಂಬುದನ್ನು ಅವನೇ ನಿರ್ಣಯಿಸಬೇಕು. ಮಕ್ಕಳಾದರೂ ಕಿತ್ತು ತೆಗೆಯಕೂಡದು. ಆದರೆ ರೋಗದೊಳಗೆ ಇನ್ನೊಂದು ಭಾಗವುಂಟು. ಅದು ಇವನ ಮೈಯಲ್ಲಿ ಮೊದಲು ಕಾಣಿಸಿಕೊಂಡ, ಮಕ್ಕಳ ಮೈಗಳಿಗೆ ಸಂಬಂಧಪಟ್ಟ ಒಂದು ವರ್ತಮಾನ. ಆ ವರ್ತಮಾನಕ್ಕೆ ಇವನು ಒಡೆಯನೇ, ಅಥವಾ ಅದನ್ನು ಮುಂದೆ ಮುಟ್ಟಿಸಬೇಕಾದವನು ಮಾತ್ರವೇ ಎಂಬುದು ನಿಜವಾದ ಪ್ರಶ್ನೆ.

ಇದಕ್ಕೆ ಸದೃಶವಾದ ಪ್ರಶ್ನೆಯೊಂದನ್ನು ಆಸ್ತಿಯ ವಿಷಯದಲ್ಲಿ ಕನ್ನಡನಾಡು ಬಹು ಹಿಂದೆಯೇ ವಿಚಾರಿಸಿತ್ತು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳಿಕೆಯ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಪಿತ್ರಾರ್ಜಿತವಾದ ಸ್ವತ್ತಿನಲ್ಲಿ ಮಗನಿಗೆ ಹಕ್ಕು ಬರುವುದು ತಂದೆಯ ಮರಣದಿಂದಲ್ಲ, ಮಗನ ಜನನದಿಂದಲೇ ಎಂಬುದು ಅದರ ಪ್ರಸಿದ್ಧವಾದ ಸಿದ್ಧಾಂತ. ಸ್ವಯಾರ್ಜಿತದ ಮಾತು ಬೇರೆ. ಪಿತ್ರಾರ್ಜಿತದಲ್ಲಿ ತಂದೆಯು ಏಕಮಾತ್ರ ಒಡೆಯನಲ್ಲ. ಸುಶ್ರುತನ ವಿಭಾಗವನ್ನು ಈ ವಿಭಾಗದ ಪಕ್ಕದಲ್ಲಿ ಇಟ್ಟು ನೋಡಿದರೆ ವಿಷಯವು ಸ್ಪಷ್ಟವಾಗುತ್ತದೆ. ಅಪಥ್ಯದಿಂದ ಬಂದುದು ಸ್ವಯಾರ್ಜಿತ, ಬೀಜದಿಂದ ಬಂದುದು ಪಿತ್ರಾರ್ಜಿತ. ಎರಡನೆಯದರಲ್ಲಿ ಮಗುವಿನ ಪಾಲು ಹುಟ್ಟಿದ ಗಳಿಗೆಯಲ್ಲಿಯೇ ಮಗುವಿನದಾಯಿತು. ಮಗನ ಪಾಲಿನ ಹೊಲವೆಲ್ಲಿದೆಯೆಂಬುದನ್ನು ಮಗನಿಂದ ಮರೆಸುವ ತಂದೆಯನ್ನು ಯಾವ ಪಂಚಾಯಿತಿಯೂ ಒಪ್ಪಲಾರದು. ಮಗನ ರಕ್ತದಲ್ಲಿ ಏನಿರಬಹುದೆಂಬುದನ್ನು ಮರೆಸುವ ತಂದೆಯು ಮಾಡುವುದೂ ಅದೇ ತೆರನಾದ ಕಾರ್ಯವೆಂದು ಹೇಳದೆ ವಿಧಿಯಿಲ್ಲ. ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಸಮಪಾಲನ್ನು ಕೊಡುವುದಕ್ಕೆ ಕರ್ನಾಟಕದ ಶಾಸನವು ೧೯೯೪ರವರೆಗೂ ಭಾರತದ ಶಾಸನವು ೨೦೦೫ರವರೆಗೂ ಕಾದುವು. ದೇಹದ ದಾಯಭಾಗದಲ್ಲಿ ಅವರಿಗೆ ಸಮಪಾಲು ಆದಿಯಿಂದಲೂ ಇದ್ದಿತು.

ಹಳೆಯ ಧರ್ಮಶಾಸ್ತ್ರದಲ್ಲಿ ತಂದೆಯ ಸಾಲಕ್ಕೆ ಮಕ್ಕಳು ಹೊಣೆಯಾಗಿದ್ದರು. ೨೦೦೫ರ ಶಾಸನವೇ ಆ ಹೊಣೆಯನ್ನು ಮುಂದಿನ ಸಾಲಗಳಿಗೆ ಇಲ್ಲದಂತೆ ಮಾಡಿತು. ಶಾಸನವು ಸಾಲದಿಂದ ಬಿಡಿಸಬಲ್ಲುದು, ರಕ್ತದಿಂದ ಬಿಡಿಸಲಾರದು. ತೀರಿಸಲೇಬೇಕಾದ ಸಾಲವನ್ನು ಬೇಗನೆ ತಿಳಿಸುವುದೇ ಸಾಲಗಾರನಿಗೆ ಮಾಡಬಹುದಾದ ಉಪಕಾರ. ತಡವಾಗಿ ತಿಳಿದ ಸಾಲಕ್ಕೆ ಬಡ್ಡಿಯು ಬೆಳೆದಿರುತ್ತದೆ. ಮೇಲೆ ಹೇಳಿದ ಮಗನ ಕಣ್ಣಿನಲ್ಲಿ ವೈದ್ಯರು ಕಂಡುದು ಆ ಬಡ್ಡಿಯನ್ನು. ಈ ರೋಗವು ಹೊರಗೆ ತೋರದೆ ವರ್ಷಗಟ್ಟಲೆ ಒಳಗೇ ಇರಬಲ್ಲುದು. ಕೆಲವರಲ್ಲಿ ರೋಗವು ಗೊತ್ತಾದ ದಿನವೇ ಕಣ್ಣಿನ ಕೇಡೂ ಗೊತ್ತಾಗುತ್ತದೆ.

ಈ ನಿರ್ಣಯಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂದು ಹಿರಿಯರು ವಿಧಿಸಿರುವರಲ್ಲವೇ ಎಂಬುದು ಮೊದಲನೆಯದು. ಆ ವಿಧಿಯು ಮನುಸ್ಮೃತಿಯಲ್ಲಿರುವುದು ನಿಜ. ಆದರೆ ಪ್ರಿಯವಾದ ಅಸತ್ಯವನ್ನೂ ನುಡಿಯಬಾರದೆಂಬ ವಿಧಿಯು ಅದರ ಮಗ್ಗುಲಲ್ಲಿಯೇ ಇದೆ. ಹದಿನೆಂಟು ವರ್ಷಗಳ ಪಿತ್ತವೂ ವ್ರತವೂ ಪ್ರಿಯವಾದ ಅಸತ್ಯಗಳೇ. ಮೇಲಾಗಿ, ಸತ್ಯದ ಅಪ್ರಿಯತೆಯು ಬಹುಮಟ್ಟಿಗೆ ಹೇಳುವ ರೀತಿಯಲ್ಲಿರುತ್ತದೆ, ಸತ್ಯದಲ್ಲಿಯೇ ಇರುವುದಿಲ್ಲ. ಬಾವಿಯ ಕಟ್ಟೆ ಸಡಿಲವಾಗಿದೆಯೆಂದು ಎಚ್ಚರಿಸುವುದನ್ನು ಯಾರೂ ಅಪ್ರಿಯವೆನ್ನುವುದಿಲ್ಲ.

ಎರಡನೆಯ ಆಕ್ಷೇಪಣೆಯು ಮದುವೆಯದು. ಮನೆಯಲ್ಲಿ ಇಂಥ ಕಾಯಿಲೆಯುಂಟೆಂದು ಹೊರಬಿದ್ದರೆ ಹೆಣ್ಣಿಗೆ ಗಂಡು ಸಿಕ್ಕುವುದು ಕಷ್ಟವೆಂಬ ಭಯವು ಸುಳ್ಳಲ್ಲ. ಆದರೆ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಗಣನೆಯಂತೆ, ಈ ದೇಶದಲ್ಲಿ ಮಧುಮೇಹವುಳ್ಳವರು ೧೦.೧ ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು ೧೩.೬ ಕೋಟಿ. ಇಷ್ಟು ಹರಡಿದ ರೋಗದ ಸಂಗಡ ಯಾವ ನಂಟೂ ಇಲ್ಲದ ಬೀಗರನ್ನು ಹುಡುಕಹೊರಟವರು, ಸಾವಿಲ್ಲದ ಮನೆಯ ಸಾಸಿವೆಯನ್ನು ಹುಡುಕಹೊರಟವರಂತೆ ಬರಿಗೈಯಲ್ಲಿ ಹಿಂದಿರುಗಬೇಕಾದೀತು. ಸಂಬಂಧವನ್ನು ಜರಡಿ ಹಿಡಿಯುವುದಕ್ಕಾಗಿ ಕೇಳುವ ಪ್ರಶ್ನೆಗೆ ಮನೆಯವರ ರೋಗಗಳನ್ನೆಲ್ಲ ಬಿಚ್ಚಿಡಬೇಕೆಂಬ ಧರ್ಮವಿಲ್ಲ. ಆದರೆ ವಧುವಿಗಾಗಲಿ ವರನಿಗಾಗಲಿ ರೋಗವು ಆಗಲೇ ಇದ್ದರೆ, ಅದನ್ನು ಸಂಗಾತಿಗೆ ಮದುವೆಗೆ ಮೊದಲೇ ಹೇಳತಕ್ಕದ್ದು. ಅಲ್ಲಿ ಮುಚ್ಚಿಡುವುದು ಮೋಸ. ವಂಶದಲ್ಲಿ ಮಾತ್ರ ಇದ್ದರೆ, ಗಂಡಹೆಂಡಿರು ಪರಸ್ಪರ ತಿಳಿಸಿಕೊಂಡು ಮಗುವನ್ನು ಬಯಸುವ ಕಾಲಕ್ಕೆ ವೈದ್ಯರಿಗೂ ತಿಳಿಸಬೇಕು. ಬೀದಿಗೆ ಹೇಳದಿರುವುದು ಮರ್ಯಾದೆ. ಮನೆಗೆ ಹೇಳದಿರುವುದು ಮರ್ಯಾದೆಯಲ್ಲ. ಇವೆರಡನ್ನೂ ಒಂದೇ ಎಂದು ಭ್ರಮಿಸಿದುದರಿಂದ ಎಷ್ಟೋ ಸಂಸಾರಗಳಿಗೆ ನಷ್ಟವಾಗಿದೆ.

ಮೂರನೆಯದು ಹೊರಗೆ ಹೇಳಿಕೊಳ್ಳಲಾಗದ ಆಕ್ಷೇಪಣೆ. ಮಕ್ಕಳು ತನ್ನನ್ನು ದೂರಿಯಾರೆಂಬ ಅಳುಕು ಅದು. "ನಿನ್ನಿಂದ ಬಂತು" ಎಂಬ ಮಾತನ್ನು ಕೇಳಲಾರದೆ ಎಷ್ಟೋ ತಾಯಿತಂದೆಗಳು ಬಾಯಿ ಮುಚ್ಚಿಕೊಂಡಿರುತ್ತಾರೆ. ಆದರೆ ಬೀಜವನ್ನು ಆರಿಸಿ ಕೊಟ್ಟವರು ಯಾರೂ ಇಲ್ಲ. ಮೂಗನ್ನೂ ಕಂಠವನ್ನೂ ಕೊಟ್ಟ ಹಿರಿಯರು ಇದನ್ನೂ ತಮಗೆ ತಿಳಿಯದೆಯೇ ಕೊಟ್ಟರು. ಅವರಿಗೂ ಹಾಗೆಯೇ ಬಂದಿತ್ತು. ಕೊಟ್ಟುದಕ್ಕೆ ಯಾರೂ ಅಪರಾಧಿಯಲ್ಲ. ತಿಳಿದ ಮೇಲೆ ತಿಳಿಸುವುದಕ್ಕೆ ಮಾತ್ರ ಎಲ್ಲರೂ ಹೊಣೆ. ಇದನ್ನು ಮನಗಾಣಬೇಕಾದವರು ಹೇಳುವವರಿಗಿಂತ ಹೆಚ್ಚಾಗಿ ಕೇಳುವವರು. ದೂರದೆ ಕೇಳುವ ಕಿವಿಯಿದ್ದಲ್ಲಿ ಹೇಳುವ ಬಾಯಿಯು ತಾನಾಗಿ ತೆರೆಯುತ್ತದೆ. ಮೌನದ ತಪ್ಪೆಲ್ಲವೂ ಹಿರಿಯರದೇ ಎಂದು ಕಿರಿಯರು ಭಾವಿಸತಕ್ಕದ್ದಲ್ಲ.

ಇವೆಲ್ಲಕ್ಕಿಂತ ತೊಡಕಾದ ಪ್ರಶ್ನೆಯೊಂದು ಉಳಿಯುತ್ತದೆ. ಮೇಲಿನ ಸಂಸಾರದಲ್ಲಿ ಗುಟ್ಟನ್ನು ಬಲ್ಲವರು ಇಬ್ಬರು. ಹದಿನೆಂಟು ವರ್ಷ ಒಬ್ಬರಿಗಾಗಿ ಬೇರೆ ಅಡಿಗೆಯನ್ನು ಮಾಡಿ, ಮಕ್ಕಳು ಕೇಳಿದಾಗ ಪಿತ್ತದ ಕಥೆಯನ್ನು ಹೇಳಿದವರು ತಾಯಿ. ಗಂಡನು ನಂಬಿ ಹೇಳಿದ ಗುಟ್ಟನ್ನು ಒಡೆಯುವುದು ಅಧರ್ಮ. ಮಕ್ಕಳ ಮೈಗೆ ಕೇಡಾಗುವುದನ್ನು ನೋಡುತ್ತ ಸುಮ್ಮನಿರುವುದೂ ಅಧರ್ಮ. ಇಂಥ ಇಕ್ಕಟ್ಟಿನಲ್ಲಿ ಮೊದಲು ಮಾಡಬೇಕಾದುದು, ಹೇಳಬೇಕಾದವರನ್ನೇ ಹೇಳುವಂತೆ ಒಲಿಸುವುದು. ಒಂದು ಸಲವಲ್ಲ, ಹಲವು ಸಲ. ಅದೂ ಫಲಿಸದಿದ್ದರೆ ಗುಟ್ಟಿಗೂ ವರ್ತಮಾನಕ್ಕೂ ಇರುವ ಭೇದವು ಇಲ್ಲಿ ನೆರವಾಗುತ್ತದೆ. ಗಂಡನ ನೋವಿನ ಕಥೆಯನ್ನು ಹೇಳದೆಯೂ ತಾಯಿಯು ಮಕ್ಕಳಿಗೆ, "ಮೂವತ್ತು ದಾಟಿದಿರಿ, ರಕ್ತವನ್ನು ಪರೀಕ್ಷೆ ಮಾಡಿಸಿ, ಈ ಮನೆಯವರು ಮಾಡಿಸಬೇಕಾದ ಪರೀಕ್ಷೆ ಅದು" ಎಂದು ಹೇಳಬಹುದು. ಮಗುವಿನ ಪಾಲು ಮಗುವಿಗೆ ಸಂದಿತು. ಗಂಡನದು ಗಂಡನಲ್ಲಿಯೇ ಉಳಿಯಿತು. ಇದು ಪೂರ್ಣವಾದ ಸತ್ಯವಲ್ಲ. ಆದರೆ ಪೂರ್ಣವಾದ ಮೌನಕ್ಕಿಂತ ಮೇಲು.

ಇನ್ನು ಹೇಳುವ ರೀತಿ. ಎಲ್ಲರನ್ನೂ ಕೂಡಿಸಿ ಮರಣಶಾಸನವನ್ನು ಓದುವಂತೆ ಹೇಳಬೇಕಾಗಿಲ್ಲ. ಹಬ್ಬದ ಪಂಕ್ತಿಯಲ್ಲಿ ಮಗುವಿನ ಎಲೆಯಿಂದ ಹೋಳಿಗೆಯನ್ನು ಎತ್ತಿ, "ನಿನ್ನ ತಾತನಿಗಾದದ್ದು ನಿನಗೂ ಆದೀತು" ಎನ್ನುವುದು ಎಚ್ಚರಿಕೆಯಲ್ಲ, ಶಾಪ. ಚಿಕ್ಕ ಮಕ್ಕಳಿಗೆ ಬೇಕಾದುದು ಭಯವಲ್ಲ, ಅಭ್ಯಾಸ. ಮನೆಯವರೆಲ್ಲರಿಗೂ ಒಂದೇ ಹಿತವಾದ ಅಡಿಗೆಯಾಗಿ, ಸಂಜೆ ಎಲ್ಲರೂ ಒಂದಿಷ್ಟು ದೂರ ನಡೆದು ಬಂದರೆ, ಅವರಿಗೆ ಅಷ್ಟೇ ಸಾಕು. ಬೆಳೆದ ಮಕ್ಕಳಿಗೆ ನಾಲ್ಕು ಸಂಗತಿಗಳನ್ನು ಹೇಳಿದರೆ ಬೇಕಾದುದೆಲ್ಲ ಹೇಳಿದಂತಾಯಿತು: ಮನೆತನದಲ್ಲಿ ಯಾರು ಯಾರಿಗೆ ಬಂದಿತು, ಎಷ್ಟನೆಯ ವಯಸ್ಸಿನಲ್ಲಿ ಬಂದಿತು, ಅದರಿಂದ ಕಣ್ಣು, ಮೂತ್ರಪಿಂಡ, ಹೃದಯ, ಪಾದಗಳಿಗೆ ಏನಾಯಿತು, ಯಾವುದರಿಂದ ಅವರಿಗೆ ಗುಣ ಕಂಡಿತು. ಕೊನೆಯದನ್ನು ಬಿಟ್ಟು ಮೊದಲಿನ ಮೂರನ್ನು ಮಾತ್ರ ಹೇಳುವುದು ಅರ್ಧ ಲೆಕ್ಕವನ್ನು ಒಪ್ಪಿಸಿದಂತೆ.

ಹೇಳುವುದರ ಜೊತೆಗೆ ಬರೆಯುವುದೂ ಅವಶ್ಯ. ಸುಶಿಕ್ಷಿತರ ಮನೆಗಳಲ್ಲಿ ಮಗುವು ಹುಟ್ಟಿದ ಗಳಿಗೆಯನ್ನೂ ನಕ್ಷತ್ರಪಾದಗಳನ್ನೂ ತಪ್ಪದೆ ಬರೆದಿಡುತ್ತಾರೆ. ಆ ಮಗುವಿನ ಅಜ್ಜಿ ಯಾವುದರಿಂದ ತೀರಿಕೊಂಡಳೆಂಬುದನ್ನು ಬರೆದಿಡುವುದಿಲ್ಲ. ಕೇಳಿದರೆ "ವಯಸ್ಸಾಗಿತ್ತು" ಎನ್ನುತ್ತಾರೆ. "ಕಾಲಿಗೆ ಮುಳ್ಳು ಚುಚ್ಚಿ ಹೋದರು" ಎನ್ನುತ್ತಾರೆ. ಮುಳ್ಳು ಎಲ್ಲರಿಗೂ ಚುಚ್ಚುತ್ತದೆ. ಅದರಿಂದ ಸಾಯುವವರು ಕೆಲವರು. ಮಾಯದ ಗಾಯದ ಹಿಂದೆ ಏನಿದ್ದಿತೆಂದು ಯಾರೂ ಕೇಳಲಿಲ್ಲ. ಪರರ ಕೂಸುಗಳ ತೂಕವನ್ನು ಆಸ್ಪತ್ರೆಯ ದಾದಿಯರು ಬರೆದಿಟ್ಟ ಪುಸ್ತಕದಿಂದ ಅರವತ್ತು ವರ್ಷಗಳ ಮೇಲೆ ಲೋಕಕ್ಕೆ ಉಪಕಾರವಾಯಿತು. ಜಾತಕಗಳನ್ನು ಇಡುವ ಪುಸ್ತಕದಲ್ಲಿಯೇ ಒಂದು ಹಾಳೆಯನ್ನು ಇದಕ್ಕೆಂದು ಮೀಸಲಿಟ್ಟರೆ ಮನೆಗೆ ಉಪಕಾರವಾಗದೆ ಹೋಗದು. ಆ ಹಾಳೆಯಲ್ಲಿ ಬರೆದುದು ಭವಿಷ್ಯವಲ್ಲವೆಂಬುದನ್ನು ಮಾತ್ರ ಮರೆಯಬಾರದು. ಅದು ದಾರಿಯ ತಗ್ಗುಗಳ ಗುರುತು. ವಂಶದಲ್ಲಿ ರೋಗವಿದ್ದೂ ಕೊನೆಯವರೆಗೆ ರೋಗವಿಲ್ಲದೆ ಬಾಳುವವರುಂಟು. ವಂಶದಲ್ಲಿ ಇಲ್ಲದೆಯೂ ರೋಗ ಬರುವವರುಂಟು.

ಮೊದಲಿನ ಸಂಸಾರದ ಮಾತನ್ನು ಮುಗಿಸಬೇಕಾಗಿದೆ. ಮಗನು ವೈದ್ಯರಲ್ಲಿಂದ ಬಂದು ನಡೆದುದನ್ನು ಹೇಳಿದಾಗ ತಂದೆಯು ಏನನ್ನೂ ಆಡಲಿಲ್ಲ. ಅಂದು ರಾತ್ರಿ ಊಟವನ್ನೂ ಮಾಡಲಿಲ್ಲ. ಮರುದಿನ ದೇವರ ಕೋಣೆಯಿಂದ ಡಬ್ಬಿಯನ್ನು ತಂದು ಮಗನ ಮುಂದೆ ಇಟ್ಟರು. ಅದಕ್ಕಿಂತ ಹೆಚ್ಚಿನ ಮಾತು ಅವರಿಂದ ಹೊರಡಲಿಲ್ಲ, ಮಗನೂ ಕೇಳಲಿಲ್ಲ. ಆದರೆ ಒಂದು ವಾರದ ಮೇಲೆ ಅವರು ಬೇರೆ ಊರಿನಲ್ಲಿದ್ದ ಮಗಳ ಮನೆಗೆ ತಾವಾಗಿ ಹೋದರು. ಹೋದವರು, ತಮ್ಮ ತಾಯಿಯು ಮುಳ್ಳು ಚುಚ್ಚಿ ಸತ್ತ ಕಥೆಯಿಂದ ಆರಂಭಿಸಿ, ತಮ್ಮ ಐವತ್ತೆರಡನೆಯ ವರ್ಷವನ್ನೂ, ಅಣ್ಣನ ಕಣ್ಣನ್ನೂ ಕ್ರಮವಾಗಿ ಹೇಳಿದರು. ಮಗಳು ಅತ್ತಳು, ದೂರಲಿಲ್ಲ. ಮರುವಾರ ಬರಿಹೊಟ್ಟೆಯಲ್ಲಿ ರಕ್ತಪರೀಕ್ಷೆಯಾಯಿತು. ನೂರು ಮಿಲಿಲೀಟರಿಗೆ ೧೨೬ ಮಿಲಿಗ್ರಾಂ ಮುಟ್ಟಿದರೆ ರೋಗವೆನ್ನುವ ಆ ಲೆಕ್ಕದಲ್ಲಿ ಅವಳದು ೧೧೨ ಇತ್ತು. ಹೊಸ್ತಿಲು, ಒಳಗಲ್ಲ.

ಮಗನ ಕಣ್ಣಿಗೆ ಆಗಿಹೋದ ಕೇಡೆಲ್ಲವೂ ಹಿಂದಿರುಗಿ ಸರಿಯಾಗುವಂತಿಲ್ಲ. ಚಿಕಿತ್ಸೆಯಿಂದ ಮುಂದಿನ ಕೇಡನ್ನು ತಡೆಯಬಹುದು. ಮಗಳ ಮುಂದೆ ಮಾತ್ರ ದಾರಿಯು ಇನ್ನೂ ತೆರೆದಿದೆ. ಅವಳು ದಿನವೂ ಸಂಜೆ ನಡೆಯುತ್ತಾಳೆ, ತನ್ನ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾಳೆ. ಇಬ್ಬರು ಮಕ್ಕಳಿಗೂ ತಂದೆಯಿಂದ ಬಂದ ಬೀಜವು ಒಂದೇ ಬಗೆಯದಾಗಿದ್ದಿರಬಹುದು, ಆಗದೆಯೂ ಇದ್ದಿರಬಹುದು, ಅದನ್ನು ಅಳೆದವರಿಲ್ಲ. ತಂದೆಯ ಕೈಯಲ್ಲಿ ಇದ್ದುದು ಅದಲ್ಲ. ಅವರ ಕೈಯಲ್ಲಿ ಇದ್ದುದು ಒಂದು ಮಾತು. ಅದು ಒಬ್ಬರಿಗೆ ತಡವಾಗಿ ಸಂದಿತು. ಇನ್ನೊಬ್ಬರಿಗೆ ಹೊತ್ತಿಗೆ ಸಂದಿತು.